ಬೀಗ ಹಾಕಿದ ಮನೆಯ ಉತ್ತರ

ಹೆಸರು ಅಜ್ಜಯ್ಯ, ವಯಸ್ಸು ಮಾತ್ರ ಇನ್ನೂ ಮೂವತ್ತು ದಾಟಿರಲಿಲ್ಲ. ಕಡೂರಿನ ಕೊಬ್ಬರಿ ಮಂಡಿಯ ಷಣ್ಮುಖಪ್ಪನವರ ಮಾತನ್ನು ತಮಟೆ ಬಡಿದು ಹಳ್ಳಿ ಹಳ್ಳಿಗೆ ಸಾರುವುದು ಅವನ ಕೆಲಸ.

ಈ ಷಣ್ಮುಖಪ್ಪನವರಿಗೆ ಒಂದು ಮಾತು ಒಂದೇ ದಾರಿಯಲ್ಲಿ ಹೋದರೆ ನಿದ್ದೆ ಬರುತ್ತಿರಲಿಲ್ಲ. ತರೀಕೆರೆ, ಅಜ್ಜಂಪುರದ ವ್ಯಾಪಾರಿಗಳಿಗೆ ರೈಲ್ವೆ ಸ್ಟೇಷನ್ನಿನಿಂದ ತಂತಿ, ಓದು ಬಲ್ಲವರಿಗೆ ಗೋಡೆಯ ಮೇಲೆ ಅಚ್ಚಿನ ಕಾಗದ, ಬಾರದವರಿಗೆ ಅಜ್ಜಯ್ಯನ ತಮಟೆ, ಗಾಡಿಯವರಿಗೆ ದೂರದಿಂದಲೇ ಕಾಣಲೆಂದು ಮಂಡಿಯ ಮೇಲೊಂದು ಬಾವುಟ. ನಾಲ್ಕೂ ಒಂದೇ ಮಾತು ಹೇಳಬೇಕು. "ಒಂದು ಬಾಯಲ್ಲಿ ಬಂದಿದ್ದು ಗಾಳಿಸುದ್ದಿ ಕಣೋ. ಇನ್ನೊಂದು ಕಡೆ ತಾಳೆ ನೋಡ್ದೆ ಏನನ್ನೂ ನಂಬಬೇಡ," ಎನ್ನುತ್ತಿದ್ದರು. ಅಜ್ಜಯ್ಯ ಅದನ್ನು ದೇವರ ಮಾತೆಂದು ನಂಬಿದ, ಪಾಪ.

ಸಾರಿದ ಮೇಲೆ ಬೀದಿಯಿಂದ ಯಾರಾದರೊಬ್ಬರು "ಕೇಳ್ತು" ಎನ್ನಬೇಕು. ಅಲ್ಲಿಯತನಕ ಅವನು ಕದಲುವಂತಿಲ್ಲ. ಯಗಟಿಯ ಆಚೆಯ ಒಂದು ಹಳ್ಳಿಯಲ್ಲಿ ಹಾಗೆ ಉತ್ತರ ಕೊಡುತ್ತಿದ್ದವಳು ಅವನ ಸ್ವಂತ ಅಕ್ಕ ದ್ಯಾಮಮ್ಮ. ಅವ್ವ ಸತ್ತ ಮೇಲೆ ಅವನನ್ನು ಎತ್ತಿ ಆಡಿಸಿದವಳು. ಬೇರೆಯವರು ಬರೀ "ಕೇಳ್ತು" ಅಂದರೆ, ಅವಳು ಒಳಗಿನಿಂದಲೇ "ಕೇಳ್ತು ಕಣೋ" ಎಂದು ನಗುತ್ತಿದ್ದಳು.

ಪ್ಲೇಗು ಬಂದ ವರ್ಷ ಮಂಡಿ ಮುಚ್ಚಿತು. ಕೊಬ್ಬರಿ ತರಬೇಡಿ ಎಂದು ಸಾರಲು ಅಜ್ಜಯ್ಯ ಮಟಮಟ ಮಧ್ಯಾಹ್ನ ಆ ಹಳ್ಳಿಗೆ ಹೋದ. ಊರು ಖಾಲಿ. ಬಾಗಿಲುಗಳಿಗೆಲ್ಲ ಬೀಗ, ಒಂದು ನಾಯಿಯೂ ಬೊಗಳಲಿಲ್ಲ. ಪ್ಲೇಗಿಗೆ ಹೆದರಿ ಜನ ಹೊಲದ ಗುಡಿಸಲುಗಳಿಗೆ ಹೋಗಿದ್ದಾರೆಂದು ಗೊತ್ತಾಯಿತು. ಆದರೂ ಗುಡಿಯ ಗೋಡೆಗೆ ಕಾಗದ ಅಂಟಿಸಿದ. ಅಭ್ಯಾಸಬಲ, ಕೈ ತಮಟೆ ಬಡಿಯಿತು, ಬಾಯಿ ಸಾರಿತು.

"ಕೇಳ್ತು ಕಣೋ."

ಬೀಗ ಹಾಕಿದ್ದ ಅಕ್ಕನ ಮನೆಯೊಳಗಿನಿಂದ ಬಂತು. ಸಣ್ಣ ದನಿ, ನಗು ಇರಲಿಲ್ಲ. "ಅಕ್ಕಾ" ಎಂದು ಕೂಗಿದ. ಮತ್ತೇನೂ ಕೇಳಿಸಲಿಲ್ಲ. ತಾಳೆ ನೋಡಬೇಕು ಎನ್ನಿಸಿ, ಕೆರೆ ಏರಿಯ ಆಚೆಗಿದ್ದ ಗುಡಿಸಲುಗಳ ಕಡೆಗೆ ಓಡಿದ.

ಅಲ್ಲಿ ಭಾವ ಹನುಮಂತಪ್ಪ ಅವನನ್ನು ನೋಡಿದ್ದೇ ತಡ ಅತ್ತುಬಿಟ್ಟ. "ನಿಮ್ಮಕ್ಕ ಮೊನ್ನೇನೇ ಹೋದ್ಲು ಕಣಪ್ಪಾ."

"ನಾನೇ ಕಣ್ಣಾರೆ ನೋಡ್ದೆ," ಎಂದಳು ಪಕ್ಕದ ಮನೆಯ ಕರಿಯಮ್ಮ. ಯಾವ ಗುಡಿಸಲಿನವರನ್ನು ಕೇಳಿದರೂ ಅದೇ ಮಾತು.

ಅಜ್ಜಯ್ಯ ಕುಸಿದು ಕೂತ. ಹಾಗಾದರೆ ತಾನು ಕೇಳಿದ್ದು ದೆವ್ವದ ದನಿ. ಇಷ್ಟು ಬಾಯಿಗಳ ಮುಂದೆ ತನ್ನ ಎರಡು ಕಿವಿ ಯಾವ ಲೆಕ್ಕ? ಅತ್ತ. ಅವರು ಕೊಟ್ಟ ಅಂಬಲಿ ಕುಡಿದ. ಹೊತ್ತು ಇಳಿಯತೊಡಗಿತ್ತು.

"ಎಲ್ಲಿ ಮಣ್ಣು ಮಾಡಿದ್ರಿ ಭಾವ? ಒಂದು ಹಿಡಿ ಮಣ್ಣು ಹಾಕಿ ಹೋಗ್ತೀನಿ."

ಕರಿಯಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ಮೈ ತಣ್ಣಗಾಗಿತ್ತು ಕಣೋ," ಎಂದ ಹನುಮಂತಪ್ಪ ಕೊನೆಗೆ. "ಮುಟ್ಟೋಕೆ ಯಾರೂ ಬರ್ಲಿಲ್ಲ. ಬೀಗ ಹಾಕ್ಕೊಂಡು ಬಂದ್ಬಿಟ್ವಿ."

ಅಜ್ಜಯ್ಯ ಓಡಿಬಂದು ಬೀಗ ಒಡೆದ. ಬಾಗಿಲು ಪೂರ್ತಿ ತೆರೆಯಲಿಲ್ಲ, ಒಳಗೆ ಏನೋ ಅಡ್ಡ ಇತ್ತು. ದ್ಯಾಮಮ್ಮ ಹೊಸ್ತಿಲಿಗೆ ಒತ್ತಿಕೊಂಡು ಬಿದ್ದಿದ್ದಳು. ಉಸಿರಿರಲಿಲ್ಲ. ಮೈ ಇನ್ನೂ ಬೆಚ್ಚಗಿತ್ತು.

"ಅಷ್ಟೂ ಜನ ಒಂದೇ ಮಾತು ಹೇಳಿದ್ರಲ್ಲೋ, ನಿಂದೇನು ತಪ್ಪು?" ಎಂದು ಷಣ್ಮುಖಪ್ಪನವರು ಸಮಾಧಾನ ಮಾಡಿದರಂತೆ. ಆ ಸಮಾಧಾನಕ್ಕಿಷ್ಟು ಬೆಂಕಿ ಹಾಕ.

ಆಮೇಲೂ ಅಜ್ಜಯ್ಯ ಮುದುಕನಾಗುವವರೆಗೆ ಸಾರಿದ. ಬೀದಿಯವರು "ಕೇಳ್ತು" ಅಂದರೂ ಕದಲುತ್ತಿರಲಿಲ್ಲ. "ತಡ್ಕೊಳ್ರಿ, ಇನ್ನೊಂದು ಬರ್ಬೇಕು," ಎಂದು ತಮಟೆಯ ಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದ. ಸ್ವಲ್ಪ ಹೊತ್ತಿಗೆ ಮುಚ್ಚಿದ ಯಾವುದೋ ಬಾಗಿಲ ಕಡೆ ತಿರುಗಿ, "ಬಂದೆ ಅಕ್ಕಾ," ಎನ್ನುತ್ತಿದ್ದ. ಮೊದಮೊದಲು ಜನ ನಕ್ಕರು. ಬರಬರುತ್ತಾ ದೂರದಲ್ಲಿ ಅವನ ತಮಟೆ ಕೇಳಿದರೆ ಸಾಕು, ಪ್ರತಿಯೊಬ್ಬರೂ ಎದ್ದು ಹೋಗಿ ತಮ್ಮ ತಮ್ಮ ಮನೆಯ ಬಾಗಿಲು ತೆರೆದಿಡುತ್ತಿದ್ದರು.