ಎಡಗೈಯ ಬಿಸಿಲು

ಮೊನ್ನೆ ಬೀರು ಒಪ್ಪ ಮಾಡುವಾಗ ಮಗಳು ಕೈಗೆ ಏರಿಸಿಕೊಳ್ಳುವ ಬಟ್ಟೆಯ ತೋಳೊಂದನ್ನು ಎತ್ತಿ ಹಿಡಿದು, "ಇನ್ನೊಣ್ಣು ಎಂಗೆಮ್ಮಾ?" ಎಂದಳು. ಚೆನ್ನೈಯಲ್ಲಿ ಓದಿದವಳು, ನನ್ನ ಕನ್ನಡಕ್ಕೆ ಅವಳ ಉತ್ತರ ತಮಿಳೇ. ಇನ್ನೊಂದು ಇರಲೇ ಇಲ್ಲ, ಹೊಲಿದದ್ದೇ ಎಡಗೈಗೆ ಮಾತ್ರ ಎಂದರೆ ನಂಬುತ್ತಾಳೆಯೇ? ನೀವಾದರೂ ನಂಬುತ್ತೀರಾ?

ಎರಡು ಸಾವಿರದ ಇಸವಿಯ ಆಚೀಚೆ ಇರಬೇಕು. ಮದುವೆಯಾಗಿ ಮೈಸೂರಿನಿಂದ ಚೆನ್ನೈಯ ಬೆಸೆಂಟ್ ನಗರಕ್ಕೆ ಬಂದವಳು ಪೆರುಂಗುಡಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಸೇರಿದ ಸ್ವಲ್ಪ ದಿನಕ್ಕೇ ನನ್ನ ಎಡಗೈ ಕಪ್ಪಾಗತೊಡಗಿತು. ಬಲಗೈ ಮಾತ್ರ ಮದುವೆ ಫೋಟೋದಲ್ಲಿದ್ದ ಹಾಗೇ ಇತ್ತು. ಇದು ಅತ್ತೆಯವರ ಕಣ್ಣಿಗೆ ಬೀಳದೆ ಇದ್ದೀತೇ? ಒಂದೊಂದು ಬದನೆಕಾಯನ್ನೂ ತಿರುವಿ ಹುಳುಕು ಹುಡುಕುವ ಹೆಂಗಸು ಅವರು. ಮೊದಲು ಕಡಲೆಹಿಟ್ಟು, ಮೊಸರು ಹಚ್ಚಿಸಿದರು. ನಾನು ಸನ್‌ಸ್ಕ್ರೀನ್ ತಂದೆ. ಹಚ್ಚಿದರೆ ವಿಭೂತಿ ಬಳಿದುಕೊಂಡ ಹಾಗೆ ಕಾಣುತ್ತಿತ್ತು. ಬೆವರಿಗೆ ಅರ್ಧ ದಾರಿಯಲ್ಲೇ ಇಳಿದುಹೋಗುತ್ತಿತ್ತು.

ಒಂದು ಸಂಜೆ ಅತ್ತೆ, "ಬಸ್ಸಲ್ಲೇ ತಾನೇ ನೀನು ಹೋಗಿಬರೋದು?" ಎಂದರು.

"ಹೂಂ ಅತ್ತೆ. ಇನ್ಯಾವುದ್ರಲ್ಲಿ?"

"ಬಸ್ಸಾದ್ರೆ ಎರಡು ಕೈಯೂ ಕಪ್ಪಾಗ್ಬೇಕಲ್ಲಮ್ಮ. ಕಾರು ಓಡಿಸೋರ ಪಕ್ಕ ಕೂತ್ರೆ ಎಡಗೈ ಕಿಟಕಿಗೆ ಬರುತ್ತೆ."

ಅಬ್ಬಾ! ಯಾರ ಕಾರು ಅಂತ ಕೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಕೇಳಲಿಲ್ಲ. ಮಾತು ಗಂಡನ ಕಿವಿಗೆ ಬಿದ್ದರೆ ಕೆಲಸವೂ ಹೋದಂತೆ, ಮರ್ಯಾದೆಯೂ ಹೋದಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಕಾರಣ ನನಗೂ ಹೊಳೆದಿರಲಿಲ್ಲ. ದಿನಾ ಕೂರುವ ಸೀಟಿನ ಬಗ್ಗೆ ಯಾರು ಯೋಚಿಸುತ್ತಾರೆ?

"ನಾಳೆ ನಾನೂ ಬರ್ತೀನಿ, ನಿನ್ನ ಆಫೀಸು ನೋಡಿದ ಹಾಗಾಗುತ್ತೆ" ಎಂದರು. ಆಫೀಸು ನೋಡುವ ಆಸೆಯಂತೆ!

ಬಸ್ಸು ಹತ್ತಿದವರೇ ಬಲಗಡೆ, ನೆರಳಲ್ಲಿ ಕೂತುಬಿಟ್ಟರು. "ಅಮ್ಮಾ, ಅದು ಜೆಂಟ್ಸ್ ಸೀಟು! ಲೇಡೀಸ್ ಇಂದ ಪಕ್ಕಂ!" ಎಂದು ಎಡಗಡೆ ತೋರಿಸಿ ಕಂಡಕ್ಟರ್ ಕೂಗಿದ. ನಮ್ಮ ಮೈಸೂರಲ್ಲಿ ಹೆಂಗಸರಿಗೆ ಮುಂದಿನ ಸೀಟು. ಇಲ್ಲಿ ಎಡಗಡೆಯ ಸಾಲು. ಗೊಣಗುತ್ತ ಎಡಗಡೆಯ ಕಿಟಕಿಗೆ ಬಂದರು. ಬಸ್ಸು ದಕ್ಷಿಣಕ್ಕೆ ಹೊರಟಿತು, ಬೆಳಗಿನ ಬಿಸಿಲು ಸೀದಾ ಅವರ ಎಡಗೈ ಮೇಲೆ.

"ಇರ್ಲಿ, ಸಂಜೆ ನೋಡೋಣ" ಎಂದರು. ಸಂಜೆಯವರೆಗೂ ರಿಸೆಪ್ಷನ್ ಸೋಫಾದಲ್ಲಿ ಕೂತು ಬಂದುಹೋಗುವ ಕಾರುಗಳನ್ನೆಲ್ಲ ಗಮನಿಸಿದರು.

ಸಂಜೆ ಬಸ್ಸು ಉತ್ತರಕ್ಕೆ ತಿರುಗಿತ್ತು, ಸೂರ್ಯ ಪಶ್ಚಿಮಕ್ಕೆ ಬಂದಿದ್ದ. ಮತ್ತೆ ಎಡಗೈಗೇ ಬಿಸಿಲು. ಅತ್ತೆ ಕೆಂಪಾದ ತಮ್ಮ ಕೈ ನೋಡಿಕೊಂಡರು, ಬಲಗಡೆ ತೂಕಡಿಸುತ್ತಿದ್ದ ಗಂಡಸರನ್ನು ನೋಡಿದರು.

ಮರುದಿನ ತಮ್ಮ ಮೆತ್ತನೆಯ ಹತ್ತಿ ಸೀರೆಯೊಂದನ್ನು ಕತ್ತರಿಸಿ, ಎಲಾಸ್ಟಿಕ್ ಹಾಕಿ, ಎಡಗೈಗೊಂದು ತೋಳು ಹೊಲಿದುಕೊಟ್ಟರು. ಇದರಲ್ಲೇನು ಹುನ್ನಾರವೋ ಎಂದುಕೊಳ್ಳುತ್ತಲೇ, "ಬಲಗೈಗೆ?" ಎಂದೆ.

"ಬಲಗೈಗೆ ಯಾಕೆ? ಆ ಕಡೆ ಗಂಡಸ್ರು ನೆರಳಲ್ಲಿ ಗೊರಕೆ ಹೊಡೀತಿದ್ರಲ್ಲ!"

ತಪ್ಪಾಯಿತು ಎಂದು ಅವರು ಕೊನೆಯವರೆಗೂ ಹೇಳಲಿಲ್ಲ. ಆ ಸಿಟ್ಟು ನನ್ನೊಳಗೆ ಹಾಗೇ ಉಳಿದಿತ್ತು.

ಕಥೆ ಕೇಳಿದ ಮಗಳು, "ಪಾಟ್ಟಿ ಸಾರಿ ಸೊಲ್ಲಲಿಯಾ?" ಎಂದಳು, ಅಜ್ಜಿ ತಪ್ಪಾಯಿತು ಎನ್ನಲೇ ಇಲ್ಲವೇ ಎಂದು.

ಇಲ್ಲ ಎನ್ನಲು ಬಾಯಿ ತೆರೆದವಳು ಆ ಒಂಟಿ ತೋಳನ್ನು ನೋಡಿದೆ. ಬಸ್ಸಾದರೆ ಎರಡು ಕೈಯೂ ಕಪ್ಪಾಗಬೇಕು ಎಂದಿದ್ದವರು, ಮನಸ್ಸಲ್ಲಿ ಎಳ್ಳಷ್ಟಾದರೂ ಸಂಶಯ ಉಳಿದಿದ್ದರೆ ಎರಡು ಹೊಲಿಯುತ್ತಿದ್ದರು.

"ಹೇಳಿದ್ರು ಕಣೆ" ಎಂದು ಅದನ್ನು ಎಡಗೈಗೆ ಏರಿಸಿಕೊಂಡೆ.