ಅವ್ವನ ಕೈಯೂ ಲ್ಯಾಪ್‌ಟಾಪಿನ ಗಾಜೂ

ಲ್ಯಾಪ್‌ಟಾಪಿಗೆ ಟಚ್ ಸ್ಕ್ರೀನ್ ಬೇಕೋ ಬೇಡವೋ ಎಂದು ನನ್ನನ್ನು ಯಾರೂ ಕೇಳಿಲ್ಲ. ಆದರೂ ಕಳೆದ ಭಾನುವಾರದಿಂದ ನನಗೆ ಅದೇ ಯೋಚನೆ. ನಾನು ಬಬಲೇಶ್ವರದ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವನು, ಸ್ವಭಾವದಿಂದ ಪುಕ್ಕಲ. ಮನೆಗೆ ಕೀಲಿ ಹಾಕಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಎಷ್ಟು ಸಲ ತಿರುಗಿ ಬಂದಿದ್ದೇನೋ ನೆನಪಿಲ್ಲ.

ಆ ಲ್ಯಾಪ್‌ಟಾಪ್ ಕೊಂಡದ್ದೂ ಹೆದರಿಕೆಯಿಂದಲೇ. "ಸರ, ಟಚ್ ಇದ್ದದ್ದ ತಗೋರಿ. ಇನ್ನ ಮುಂದ ಎಲ್ಲಾ ಬೆರಳಿನ ಮ್ಯಾಲ ನಡಿತೈತಿ" ಎಂದ ವಿಜಯಪುರದ ಅಂಗಡಿಯವನು. ಕಾಲ ನನ್ನೊಬ್ಬನನ್ನೇ ಬಿಟ್ಟು ಮುಂದೆ ಹೋದೀತೆಂದು ತಂದೆ. ತಂದ ಮೇಲೆ, ಗಾಜಿನ ಮೇಲೆ ಬೆರಳಿನ ಗುರುತು ಬೀಳುತ್ತದೆಂದು ಯಾರಿಗೂ ಮುಟ್ಟಗೊಡಲಿಲ್ಲ. ನಾನೂ ಮುಟ್ಟಲಿಲ್ಲ. ಹೆಂಡತಿ ಅದಕ್ಕೆ ಮಡಿ ಲ್ಯಾಪ್‌ಟಾಪ್ ಎಂದು ಹೆಸರಿಟ್ಟಳು.

ಭಾನುವಾರ ಅದಕ್ಕೊಂದು ದೊಡ್ಡ ಕೆಲಸ ಬಿತ್ತು. ಮಗನಿಗೆ ಕನಮಡಿಯ ಹುಡುಗಿಯೊಬ್ಬಳು ಒಪ್ಪಿಗೆಯಾಗಿದ್ದಳು. ನಾವೂ ಹೋಗಿ ನೋಡಿ ಬಂದಿದ್ದೆವು. ಉಳಿದದ್ದು ನನ್ನ ಅವ್ವನ ಒಂದು ಹೂಂ. ಸೊಂಟದ ಪೆಟ್ಟಿನಿಂದಾಗಿ ಆಕೆ ಪ್ರಯಾಣ ಮಾಡುವಂತಿರಲಿಲ್ಲ, ಹಾಗಾಗಿ ವಿಡಿಯೊ ಕಾಲ್. ಹುಡುಗಿ ಬಂದು ಕೂತಳು, ನಮಸ್ಕಾರ ಎಂದಳು. ಅವ್ವ ಕಣ್ಣು ಕಿರಿದು ಮಾಡಿ ನೋಡಿದಳು. ನೋಡುತ್ತ ನೋಡುತ್ತ ಆಕೆಯ ಮುಖ ಅರಳಿತು. ನಾನು ಉಸಿರು ಬಿಡುವಷ್ಟರಲ್ಲಿ ಅವ್ವ ಎರಡೂ ಅಂಗೈ ಮುಂದೆ ಚಾಚಿ, ಪರದೆಯ ಮೇಲಿನ ಮುಖವನ್ನು ಹಣೆಯಿಂದ ಗದ್ದದವರೆಗೆ ನೇವರಿಸಿ, ಬೆರಳುಗಳನ್ನು ತನ್ನ ಕಪಾಳಕ್ಕೊತ್ತಿ ಲಟಲಟನೆ ನೆಟಿಗೆ ಮುರಿದಳು. ಹುಡುಗಿಗೆ ದೃಷ್ಟಿ ತಾಗಬಾರದಲ್ಲ!

ಗದ್ದದ ಕೆಳಗೆ ಕೆಂಪು ಗುಂಡಿ ಇತ್ತು. ಕಾಲ್ ಕಟ್ಟಾಯಿತು.

"ಯಾಕಪಾ, ಹುಡುಗಿ ಎಲ್ಲಿ ಹ್ವಾದ್ಳು?" ಎಂದಳು ಅವ್ವ.

ಹುಡುಗಿಯ ಮುಖ ನೋಡಿದ ಕೂಡಲೇ ಗಂಡಿನ ಕಡೆಯವರು ಫೋನ್ ಕುಕ್ಕಿದರೆ ಏನರ್ಥ? ತಿರುಗಿ ಹಚ್ಚಿದರೆ ಬ್ಯುಸಿ. ಮತ್ತೊಮ್ಮೆ ಹಚ್ಚಿದರೂ ಬ್ಯುಸಿ. ಆಗಲೇ ನೆಂಟರಿಗೆಲ್ಲ ನಮ್ಮ ದುರಹಂಕಾರ ಹೇಳುತ್ತಿದ್ದಾರೆಂದು ಖಾತ್ರಿಯಾಯಿತು. ಮಗ ನನ್ನನ್ನೂ ಲ್ಯಾಪ್‌ಟಾಪನ್ನೂ ಒಂದೇ ಥರ ನೋಡುತ್ತಿದ್ದ.

ಅವ್ವನನ್ನು ಬೈಯಲಾದರೂ ಹೇಗೆ? ನಮ್ಮಲ್ಲಿ ಬರೀ ಕಣ್ಣಿನ ಮೇಲೆ ಯಾರಿಗೆ ನಂಬಿಕೆಯಿದೆ? ತಿಕೋಟಾದಲ್ಲಿ ಒಣದ್ರಾಕ್ಷಿ ಕೊಳ್ಳಲು ಬಂದವನು ಒಂದು ಹಿಡಿ ಎತ್ತಿ ಹಿಚುಕಿ ನೋಡದೆ ದರ ಮಾತಾಡುವುದಿಲ್ಲ. ಸೀರೆಯ ಸೆರಗನ್ನು ಬೆರಳಲ್ಲಿ ಉಜ್ಜದೆ ನನ್ನ ಹೆಂಡತಿ ಅಂಗಡಿಯಿಂದ ಏಳುವುದಿಲ್ಲ. ಗಾಳಿಗೆ ರೂಪವಿಲ್ಲ, ಸ್ಪರ್ಶವಿದೆ ಎನ್ನುತ್ತಾರೆ ತರ್ಕಶಾಸ್ತ್ರದವರು. ವಿಡಿಯೊ ಕಾಲಿನಲ್ಲಿ ಬಂದು ಕೂರುವವರದು ಇದರ ತಿರುವುಮುರುವು. ಅವ್ವನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಮುಟ್ಟುವ ಪರದೆಗೆ ಅಷ್ಟು ದುಡ್ಡು ಕೊಟ್ಟು ತಂದವನು ನಾನು, ಮುಟ್ಟಿದ್ದು ಆಕೆಯ ತಪ್ಪಾಯಿತೇ?

ಅಷ್ಟರಲ್ಲಿ ಫೋನ್ ಬಂತು. ಹುಡುಗಿಯ ತಂದೆ. ದನಿ ನಡುಗುತ್ತಿತ್ತು. "ಸರ, ಆಗಿನಿಂದ ಹಚ್ಚಾಕತ್ತೇನ್ರಿ, ಬ್ಯುಸಿ ಬರಾಕತ್ತೈತಿ. ಅಮ್ಮಾರಿಗೆ ನಮ್ಮ ಹುಡುಗಿ ಮನಸಿಗೆ ಬರಲಿಲ್ಲೇನ್ರಿ?"

ಅಂದರೆ ಇಬ್ಬರೂ ಒಬ್ಬರಿಗೊಬ್ಬರು ಹಚ್ಚುತ್ತ, ಒಬ್ಬರಿಗೊಬ್ಬರು ಹೆದರುತ್ತ ಕೂತಿದ್ದೆವು! ನನಗಿಂತ ಹೆಚ್ಚು ಹೆದರಿದ ಮನುಷ್ಯ ಸಿಕ್ಕಿದ್ದು ಜೀವನದಲ್ಲಿ ಅದೇ ಮೊದಲು, ಅದೂ ಬೀಗನಾಗಿ. ತಡವರಿಸುತ್ತ ನಡೆದದ್ದೆಲ್ಲ ಹೇಳಿದೆ. ಅತ್ತ ಹುಡುಗಿಯೇ ಫೋನ್ ಇಸಿದುಕೊಂಡು ಮಾತಾಡಿದಳು.

"ಆಯಿ ಕೈ ನೀಡಿದ್ದು ಕಂಡಿತ್ರಿ. ನಾನೂ ಮಾರಿ ಮುಂದ ಮಾಡಿದ್ನಿ. ಅಷ್ಟರಾಗ ಕಟ್ ಆತ್ರಿ."

ಅವರ ಮನೆಯಲ್ಲಿದ್ದದ್ದು ಟಚ್ ಇಲ್ಲದ ಹಳೆಯ ಲ್ಯಾಪ್‌ಟಾಪ್ ಎಂದು ಮಗ ಹೇಳಿದ. ಮುಟ್ಟಿದರೂ ತಿಳಿಯದ ಆ ಗಾಜಿಗೇ ಹುಡುಗಿ ಮುಖ ಒಡ್ಡಿದ್ದಳು.

ಮತ್ತೆ ವಿಡಿಯೊ ಹಚ್ಚಿದೆವು. ಈ ಸಲ ಅವ್ವನ ಕೈಗೆ ಎಟುಕದಂತೆ ಲ್ಯಾಪ್‌ಟಾಪನ್ನು ದೂರ ಇಡೋಣವೆಂದು ಹೆಂಡತಿ ಕಣ್ಸನ್ನೆ ಮಾಡಿದಳು. ನಾನು ಅದನ್ನು ಇನ್ನಷ್ಟು ಹತ್ತಿರ ಸರಿಸಿದೆ. ಕಟ್ಟಾದರೆ ಮತ್ತೆ ಹಚ್ಚಿದರಾಯಿತು.