ಕಂಪ್ಯೂಟರಿನ ಹಣೆಗೆ ಕುಂಕುಮ

ಎಂಬತ್ತರ ದಶಕದ ನಡುವೆ ಮಂಗಳೂರಿನ ಫಳ್ನೀರಿನಲ್ಲಿ ಕಂಪ್ಯೂಟರ್ ಕಂಪನಿ ತೆರೆದ ನಮ್ಮ ಧಣಿಗಳಿಗೆ ಕಂಪ್ಯೂಟರ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಗೊತ್ತಿತ್ತು. ಅಪ್ಪನ ಕಾಲದಲ್ಲಿ ಗದ್ದೆ, ಆಮೇಲೆ ಹೋಟೆಲು, ಈಗ ಇದು. ಕಾಲೇಜುಗಳ ಅಂಕಪಟ್ಟಿ ಅಚ್ಚು ಹಾಕಿಕೊಡುವುದು ನಮ್ಮ ಕೆಲಸ. "ನಾವೆಲ್ಲ ಒಂದೇ ಮನೆಯವರು ಮಾರಾಯ್ರೇ" ಎನ್ನುತ್ತಿದ್ದರು. ಮನೆಯವರಿಗೆ ಓವರ್‌ಟೈಮ್ ಎಲ್ಲಿಂದ ಬರಬೇಕು? ಬೈಗುಳ ಮಾತ್ರ ಧಾರಾಳವಾಗಿತ್ತು.

ಎಸಿ ಇದ್ದದ್ದು ಕಂಪ್ಯೂಟರಿಗೆ. ಆ ಕೋಣೆಗೆ ನಾವು ಚಪ್ಪಲಿ ಕಳಚಿ ಹೋಗಬೇಕು. ಧಣಿಗಳ ಬೂಟಿಗೆ ಆ ನಿಯಮವಿಲ್ಲ. ಬುತ್ತಿಯಲ್ಲಿ ಮೀನು ತರಬಾರದು, ವಾಸನೆ ಮಿಷನಿಗೆ ಹತ್ತುತ್ತದಂತೆ! ಮಂಗಳೂರಿನಲ್ಲಿ ಕೂತು ಬಂಗುಡೆ ಬಿಡಿ ಎನ್ನುವವರ ತಲೆ ನೆಟ್ಟಗಿರಲು ಸಾಧ್ಯವೇ?

ನಮ್ಮಲ್ಲಿ ಚೆನ್ನಾಗಿ ಕೆಲಸ ಬಲ್ಲವಳು ತೊಕ್ಕೊಟ್ಟಿನ ಕೊಂಕಣಿ ಕ್ರಿಶ್ಚಿಯನ್ ಹುಡುಗಿ. ಎರಡು ವರ್ಷವಾದರೂ ಅವಳಿಗೆ 'ತರಬೇತಿ' ಮುಗಿದಿರಲಿಲ್ಲ. ದಸರಾ ಕಳೆದ ಮೇಲೆ ಕಾಯಂ ಮಾಡುತ್ತೇನೆಂದು ಧಣಿಗಳು ಮಾತು ಕೊಟ್ಟಿದ್ದರು. ಅದನ್ನು ನಂಬಿ ಅವಳು ಬಜಪೆಯ ಶಾಲೆಯೊಂದರ ಟೀಚರ್ ಕೆಲಸ ಬೇಡವೆಂದಿದ್ದಳು.

ಆಯುಧಪೂಜೆ ಬಂತು. ಕಂಪ್ಯೂಟರಿನ ಹಣೆ ಯಾವುದೆಂದು ಧಣಿಗಳಿಗೆ ತಿಳಿಯಲಿಲ್ಲ. ಫ್ಲಾಪಿ ತೂರಿಸುವ ಸೀಳಿನ ಮೇಲೆಯೇ ದಪ್ಪಗೆ ಕುಂಕುಮ ಮೆತ್ತಿ ತೀರ್ಥ ಚಿಮುಕಿಸಿದರು.

"ಧಣೀ, ಅಲ್ಲಿ ಬೇಡ, ಒಳಗೆ ಹೋಗ್ತದೆ" ಎಂದವಳು ಅವಳೊಬ್ಬಳೇ.

"ಪೂಜೆ ಹೇಗೆ ಮಾಡುದು ಅಂತ ನೀನು ನನಗೆ ಕಲಿಸ್ಬೇಡ" ಎಂದು ಗದರಿದರು.

ಮರುದಿನ ಮಿಷನು ಕರಕರ ಸದ್ದು ಮಾಡಿ ಸುಮ್ಮನಾಯಿತು. ಧಣಿಗಳು ಅವಳ ಮುಖ ನೋಡಿದರು. "ನಿನ್ನ ಪೌಡರೇ ಒಳಗೆ ಹೋದದ್ದು. ನಡಿ ಮನೆಗೆ!" ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಮ್ಮವರಿಗೆ ಪೌಡರು ಸಿಕ್ಕಿತು. ನಾನು ಬಾಯಿ ತೆರೆದೆ. "ನಿನಗೂ ಹೋಗ್ಲಿಕ್ಕುಂಟಾ?" ಎಂದರು. ನನ್ನ ಮೈಯೆಲ್ಲ ಉರಿಯಿತು. ಅವಳು ಚಪ್ಪಲಿ ಮೆಟ್ಟಿ ಹೊರಟುಹೋದಳು.

ವಾರ ಕಳೆದು ಬೆಂಗಳೂರಿನಿಂದ ಬಂದ ಎಂಜಿನಿಯರ್ ಆ ಸೀಳಿನೊಳಗೆ ಹತ್ತಿ ಆಡಿಸಿ ಹೊರತೆಗೆದ. ಹತ್ತಿ ಕೆಂಪಗಾಗಿತ್ತು.

"ಏನ್ ಸಾರ್ ಇದು, ಕುಂಕುಮಾನಾ?"

ಧಣಿಗಳು ಕೆಮ್ಮಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ತೊಕ್ಕೊಟ್ಟಿಗೆ ಹೋಗಿ ಬಾ. ನಾನು ಅವಳನ್ನು ಕ್ಷಮಿಸಿದ್ದೇನೆ ಅಂತ ಹೇಳು. ನಾಳೆಯಿಂದ ಬರ್ಲಿ. ಆದ್ರೆ ತರಬೇತಿ ಮೊದಲಿಂದ ಶುರು."

ಅಬ್ಬಾ, ಆ ಔದಾರ್ಯವೇ! ಬಸ್ಸು ಹತ್ತಿ ಹೋಗಿ ಅವಳಿಗೆ ಹಾಗೆಯೇ ಹೇಳಿದೆ. ಅವಳು ಮೊದಲು ನಕ್ಕಳು, ಆಮೇಲೆ ಅತ್ತಳು. ಕಣ್ಣೊರೆಸಿಕೊಂಡು, "ಧಣಿಗಳಿಗೆ ಹೇಳಿ, ನಾನೂ ಅವರನ್ನು ಕ್ಷಮಿಸಿದ್ದೇನೆ. ಕೆಲಸಕ್ಕೆ ಮಾತ್ರ ಬೇರೆ ಯಾರನ್ನಾದ್ರೂ ನೋಡ್ಲಿ" ಎಂದಳು.

ಮರುದಿನ ಬೆಳಿಗ್ಗೆ ಎಲ್ಲರ ಎದುರಿಗೆ ಧಣಿಗಳಿಗೆ ಅದನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ.